ಪೆಂಡಾಲಿನಲ್ಲಿ ಎಷ್ಟು ಮಂದಿ

8 ಡಿಸೆಂಬರ್ 2024

ಭಾಗ್ಯಾ,

ಜೈಭೀಮ. ನಾನು ಆರಾಮ ಇದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕು, ಇಲ್ಲದಿದ್ದರೆ ಅವ್ವ ನಿನಗೆ ಮುಂದಿನದನ್ನು ಓದಲು ಬಿಡುವುದಿಲ್ಲ.

ಎರಡು ತಿಂಗಳಿಂದ ಫೋನು ಹತ್ತುತ್ತಿಲ್ಲ ಎಂದು ನೀನು ನನ್ನನ್ನು ಎಷ್ಟು ಬೈದಿರಬಹುದು, ಗೊತ್ತಿದೆ. ಇಲ್ಲಿ ಇಳಿದ ದಿನವೇ ಪಾಸ್‌ಪೋರ್ಟು, ಫೋನು ಎರಡನ್ನೂ ಕಸಿದುಕೊಂಡರು. ಈ ಹಾಳೆ ನಿನಗೆ ಮುಟ್ಟಿದರೆ ಅದು ನರ್ಸಿಮುಲು ಪುಣ್ಯ. ತಾಂಡೂರಿನ ಹುಡುಗ, ಇಲ್ಲಿ ಅಡುಗೆ ಮಾಡುತ್ತಾನೆ. ಹಿಟ್ಟಿನ ಚೀಲದೊಳಗೆ ಒಂದು ಫೋನು ಮುಚ್ಚಿಟ್ಟಿದ್ದಾನೆ. ನಾನು ಬರೆದದ್ದರ ಫೋಟೋ ಹೊಡೆದು ನಿನಗೆ ಕಳಿಸಿ ಹಾಳೆಯನ್ನು ಒಲೆಗೆ ಹಾಕುತ್ತಾನೆ. ನೀನೂ ಕೈಯಲ್ಲೇ ಬರೆದು ಫೋಟೋ ಹೊಡೆದು ಅವನ ನಂಬರಿಗೆ ಕಳಿಸು. ಮಾತಾಡಿ ಕಳಿಸಬೇಡ, ಯಾರಾದರೂ ಕೇಳಿಸಿಕೊಂಡಾರು. ಟೈಪು ಮಾಡಿದ್ದನ್ನು ಮಷೀನು ಓದುತ್ತದಂತೆ. ನನ್ನ ಅಕ್ಷರ ಮಾತ್ರ ಯಾವ ಮಷೀನಿಗೂ ಬಗ್ಗುವುದಿಲ್ಲ ಎಂಬ ಧೈರ್ಯ ನನಗಿದೆ. ಟೀಚರ್ ಬಾಯಿ, ನೀನೇ ಎಷ್ಟು ಸಲ ಹೇಳಿಲ್ಲ? ದೇಶದ ಹೆಸರನ್ನು ನಾನೂ ಬರೆಯುವುದಿಲ್ಲ, ನೀನೂ ಬರೆಯಬೇಡ.

ಏಜೆಂಟ್ ಹೇಳಿದ ಗೋದಾಮಿನ ಕೆಲಸ ಇಲ್ಲಿಲ್ಲ. ಇದು ಮಿಲಿಟರಿಯವರ ಠಾಣ್ಯ. ಸೈನಿಕರು ಒಳಗೆ ಇಳಿದು ಕೂರಲು ಉದ್ದುದ್ದ ಕಂದಕ ಅಗೆಯುವುದೇ ನಮ್ಮ ಕೆಲಸ. ನೆಲ ಹೆಪ್ಪುಗಟ್ಟಿದೆ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಜೊತೆಗೆ ಬಂದ ನಮ್ಮ ತಾಹಿರ್ ಮಾತ್ರ ನಗುತ್ತಾನೆ. "ಶಹಾಬಾದಿನ ಗಣಿಯಾಗ ಕಲ್ಲ ಒಡದವ್ರಿಗಿ ಈ ಮಣ್ಣ ಯಾವ ಲೆಕ್ಕಲೇ" ಅನ್ನುತ್ತಾನೆ. ಬಾಂಬಿನ ಸದ್ದು ಕೇಳುತ್ತದೆ, ಆದರೆ ದೂರ, ಬಹಳ ದೂರ. ಅದು ಕೇಳಿದಾಗಲೆಲ್ಲ ಅವನು ಬೆರಳು ಮಡಚುತ್ತಾ ಎಣಿಸುತ್ತಾನೆ. ಗಣಿಯಲ್ಲಿ ಸುರಂಗ ಹಾರಿಸುವಾಗ ಅವನದು ಅದೇ ಕೆಲಸವಾಗಿತ್ತಲ್ಲ. ಎಷ್ಟು ತೂತಿಗೆ ಮದ್ದು ತುಂಬಿದ್ದರೋ ಅಷ್ಟು ಸದ್ದು ಎಣಿಸಿ, ಕೊನೆಯದು ಆದ ಮೇಲೆ ಎದ್ದು ನಿಂತು "ಆತು, ಬರ್ರಿ" ಎಂದು ಕೂಗುವುದು. ಅವನು ಕೂಗುವ ತನಕ ನಾವು ಯಾರೂ ಮರೆಯಿಂದ ತಲೆ ಎತ್ತುತ್ತಿರಲಿಲ್ಲ. ಗಣಿ ಬಿಟ್ಟು ಬಂದರೂ ಚಾಳಿ ಬಿಟ್ಟಿಲ್ಲ.

ಈಗ ನಿಜವಾದ ಮಾತು. ನಾವು ಸಹಿ ಹಾಕಿದ ಕಾಗದ ಇವರ ಭಾಷೆಯಲ್ಲಿತ್ತು. ಅದರಲ್ಲಿ ಬಂದೂಕು ಹಿಡಿಯುವ ಮಾತೂ ಇದೆಯಂತೆ. ಹಿಮ ಕರಗಿದ ಮೇಲೆ, ನಮ್ಮ ಹೋಳಿ ಹುಣ್ಣಿಮೆಯ ಸುಮಾರಿಗೆ, ಅಗೆಯುವವರನ್ನೆಲ್ಲ ಮುಂದಿನ ಸಾಲಿಗೆ ಕಳಿಸುತ್ತಾರೆ. ಅಲ್ಲಿಗೆ ಹೋದ ಒಬ್ಬನೂ ತಿರುಗಿ ಊಟಕ್ಕೆ ಬಂದದ್ದನ್ನು ನರ್ಸಿಮುಲು ನೋಡಿಲ್ಲ. ಅಷ್ಟರೊಳಗೆ ಹೇಗಾದರೂ ನಮ್ಮನ್ನು ಇಲ್ಲಿಂದ ತೆಗೆಯಿರಿ. ಯಾರ ಕಾಲನ್ನಾದರೂ ಹಿಡಿ, ಭಾಗ್ಯಾ. ಇದು ಯಾರ ಜಗಳ, ಯಾಕೆ ಹತ್ತಿಕೊಂಡಿತು ಎಂದು ಇಲ್ಲಿಯವರಿಗೇ ಗೊತ್ತಿಲ್ಲ. ನಾವು ಸತ್ತರೆ ಯಾರ ಪರವಾಗಿ ಸತ್ತೆವು ಎಂದು ಹೇಳುವುದು?

ತಾಹಿರ್ ಪೆನ್ನು ಕಸಿದುಕೊಳ್ಳುತ್ತಿದ್ದಾನೆ.

ನಿನ್ನ ದೇವಿಂದ್ರ

ಭಾಭಿ, ಸಲಾಂ. ಅಮ್ಮಿಗಿ ಹೇಳ್ರಿ, ನಾ ಭಾಳ ದಪ್ಪ ಆಗೀನಿ, ಬಂದ್ರ ಗುರ್ತ ಹಿಡಿಯಾಂಗಿಲ್ಲ. ನಿಮ್ಮ ಗಂಡ ಗೊರಕಿ ಹೊಡಿತಾನ, ನನಗ ಬಾಂಬಿನಕಿಂತ ಅದರದೇ ಅಂಜಿಕಿ ಹೆಚ್ಚ. ತಾಹಿರ್.


22 ಡಿಸೆಂಬರ್ 2024

ಮೈತ್ರಿ ಅಪ್ಪನಿಗೆ ಭಾಗ್ಯಳ ಜೈಭೀಮ.

ನಿಮ್ಮ ಅಕ್ಷರ ಕಂಡು ಮೊದಲು ಅಳು ಬಂತು, ಆಮೇಲೆ ಎರಡು ಕಡೆ ಕಾಗುಣಿತ ತಪ್ಪಿದ್ದು ಕಂಡು ನಗು ಬಂತು. ಅತ್ತೆಗೆ ಓದಿ ಹೇಳಿದೆ. ಆಮೇಲೆ ತಾಹಿರ್‌ನ ಅಮ್ಮಿ ಜೈತುನ್ಬೀ ಖಾಲಾಗೆ ಓದಿದೆ. ಮಗ ಬರೆದ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡರು. "ದಪ್ಪ ಆಗ್ಯಾನಂತ ಸುಳ್ಳ ಬರ್ದಾನ. ಅವ ಸುಳ್ಳ ಹೇಳೂದು ಹಿಂಗೇ, ನಕ್ಕೋತ" ಎಂದರು.

ಇಬ್ಬರೂ ದೊಡ್ಡ ಕಚೇರಿಗೆ ಹೋದೆವು. ಅಲ್ಲಿಯ ಸಾಹೇಬರು ಬೈಯಲಿಲ್ಲ, ಚಹಾ ಕುಡಿಸಿಯೇ ಕಳಿಸಿದರು. "ಅವ್ರು ಒಪ್ಪಿ, ಸಹಿ ಹಾಕಿ, ನೌಕರಿಗಿ ಹೋಗ್ಯಾರವ್ವ. ಯುದ್ಧದಾಗ ಅದಾರ ಅನ್ನಾಕ ಏನ್ ಪುರಾವಿ ಅದ? ಈ ಪತ್ರದಾಗ ದೇಶದ ಹೆಸರೇ ಇಲ್ಲ" ಎಂದರು. ಹೊರಗೆ ಬಂದ ಮೇಲೆ ಖಾಲಾ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಇಬ್ರ ಹೋಗಿ ಕೇಳಿದ್ರ ಚಾ ಕುಡಸ್ತಾರ. ರಸ್ತೆದಾಗ ಕುಂತ್ರ ಅವ್ರೇ ಬಂದ ಕೇಳ್ತಾರ. ಕುಂದ್ರೂಣು ನಡಿ."

ಹಾಗೆ ಕುಳಿತಿದ್ದೇವೆ. ಶಹಾಬಾದಿನಲ್ಲಲ್ಲ, ವಾಡಿ ಸ್ಟೇಶನ್ ಹೊರಗೆ. ಸೇಡಂ, ಚಿತ್ತಾಪುರದ ಗಾಡಿಯೂ ಅಲ್ಲಿಗೇ ಬರುತ್ತದೆ, ನಾಲವಾರದ್ದೂ ಅಲ್ಲಿಗೇ ಬರುತ್ತದೆ. ಟೆಂಟ್ ಹೌಸಿನ ಬಾಬುಮಿಯಾ ಪೆಂಡಾಲು ಹಾಕಿಕೊಟ್ಟ. ಅವನ ಹತ್ತಿರ ಇದ್ದದ್ದು ಮದುವೆಯದೊಂದೇ, ಕೆಂಪು ಹಳದಿ ಝಾಲರಿನದು. ಗಾಡಿ ಇಳಿದವರೆಲ್ಲ "ಯಾರ ಲಗ್ನರಿ?" ಎಂದು ಕೇಳುತ್ತಾರೆ. ಖಾಲಾ ಅವರನ್ನು ಹಿಡಿದು ಕೂರಿಸಿ, ಯಾರದೋ ದೇಶದ ಯುದ್ಧಕ್ಕೆ ನಮ್ಮ ಮಕ್ಕಳನ್ನು ಯಾಕೆ ಒಯ್ದರು ಎಂದು ಪೂರ್ತಿ ಹೇಳಿಯೇ ಬಿಡುತ್ತಾರೆ.

ನೀವು ನಂಬಲಿಕ್ಕಿಲ್ಲ, ಮೊದಲ ದಿನವೇ ಮುನ್ನೂರು ಮಂದಿ ಸೇರಿದರು. ಸೇಡಂನಿಂದ, ಚಿಮ್ಮನಚೋಡದಿಂದ ಹುಡುಗರು ಹೋದ ಮನೆಯವರು ಬಂದಿದ್ದಾರೆ. ಚಿತ್ತಾಪುರದಲ್ಲಿ ಅಂಗಡಿ ಮುಚ್ಚುತ್ತೇವೆ ಎನ್ನುತ್ತಿದ್ದಾರೆ. ನಿಮ್ಮ ಅಪ್ಪ ಓಣಿಯ ಹಿರಿಯರನ್ನು, ಪಂಚಮಂದಿಯನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲೇ ಕುಳಿತರು. ಹೋಳಿ ಹಬ್ಬಕ್ಕೆ ನೀವಿಬ್ಬರೂ ಮನೆಯಲ್ಲಿರುತ್ತೀರಿ. ಧೈರ್ಯವಾಗಿರಿ.

ನಿಮ್ಮ ಭಾಗ್ಯ


6 ಜನವರಿ 2025

ಭಾಗ್ಯಾ,

ನಿನ್ನ ಪತ್ರವನ್ನು ನರ್ಸಿಮುಲುನ ಫೋನಿನಲ್ಲಿ ಓದಿದೆ. ಮುನ್ನೂರು ಮಂದಿ! ಅಪ್ಪನೂ ಬಂದರೇ? ಆ ಸಾಲನ್ನು ತಿರುಗಿ ಓದಿದೆ. ಹೊರಡುವಾಗ ಅವರು ನನ್ನ ಮುಖ ನೋಡಿರಲಿಲ್ಲ.

ತಾಹಿರ್‌ನನ್ನು ಬೇರೆ ಕಡೆ ಹಾಕಿದ್ದಾರೆ. ಅಲ್ಲಿಂದ ಪತ್ರ ಕಳಿಸಲು ಆಗುವುದಿಲ್ಲ. ಖಾಲಾಗೆ ಹಾಗೆ ಹೇಳು.

ಮೊನ್ನೆ ಕಟ್ಟಿಗೆ ಇಳಿಸಲು ಟ್ರಕ್ಕಿನಲ್ಲಿ ಹತ್ತಿರದ ಊರಿಗೆ ಹೋಗಿದ್ದೆವು. ಚೌಕಿನಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು, ಎಲ್ಲರೂ ವಯಸ್ಸಾದವರು, ಒಬ್ಬೊಬ್ಬರ ಎದೆಯ ಮೇಲೂ ಒಬ್ಬೊಬ್ಬ ಹುಡುಗನ ಫೋಟೋ. ಕೂಗಾಡುತ್ತಿರಲಿಲ್ಲ. ಪೊಲೀಸರು ಬಂದು ತೋಳು ಹಿಡಿದು ವ್ಯಾನಿಗೆ ತುಂಬಿದರು. ಒಬ್ಬಳನ್ನು ತುಂಬಿದ ಜಾಗಕ್ಕೆ ಹಿಂದಿನಿಂದ ಇನ್ನೊಬ್ಬಳು ಬಂದು ನಿಲ್ಲುತ್ತಿದ್ದಳು. ನಮ್ಮ ಟ್ರಕ್ಕಿನಲ್ಲಿದ್ದ ಇಲ್ಲಿಯ ಸಿಪಾಯಿ ಒಬ್ಬ ಟೊಪ್ಪಿಗೆಯನ್ನು ಮುಖದ ಮೇಲೆ ಎಳೆದುಕೊಂಡ. ಆ ಸಾಲಿನಲ್ಲಿ ಅವನ ತಾಯಿಯೂ ಇದ್ದಳು ಎಂದು ಆಮೇಲೆ ಕೈಸನ್ನೆ ಮಾಡಿ ತಿಳಿಸಿದ. ಈ ಯುದ್ಧ ಇವರಿಗೂ ಬೇಡವಾಗಿದೆ. ಬೇಕಾಗಿರುವುದು ಯಾರಿಗೆ ಎಂದು ಗೊತ್ತಾದರೆ ಅವನನ್ನೇ ಒಂದು ದಿನ ಅಗೆಯಲು ಹಚ್ಚಬೇಕು.

ಇನ್ನೂ ಎಷ್ಟು ಮಂದಿ ಬಂದರು, ಪೇಪರಿನಲ್ಲಿ ಬಂತೇ, ಎಲ್ಲ ಬರೆ. ನಾನು ಇಲ್ಲಿಯ ಹುಡುಗರಿಗೆಲ್ಲ ಹೇಳುತ್ತೇನೆ. ನಮಗೆ ಇಲ್ಲಿ ಬೇರೆ ಏನೂ ಇಲ್ಲ.

ದೇವಿಂದ್ರ


17 ಜನವರಿ 2025

ಮೈತ್ರಿ ಅಪ್ಪನಿಗೆ ಜೈಭೀಮ.

ನಿಮ್ಮ ಪತ್ರ ಯಾಕೆ ಇಷ್ಟು ಒಣಗಿದೆ? ತಾಹಿರ್ ಹೆಸರಿಗೆ ಮೂರೇ ಸಾಲು. ನನಗೆ ಗೊತ್ತು, ಇಬ್ಬರೂ ಜಗಳವಾಡಿದ್ದೀರಿ. ಹಿಂದೆ ಒಂದು ಹಾರೆಕೋಲಿನ ಸಲುವಾಗಿ ವಾರಗಟ್ಟಲೆ ಮಾತು ಬಿಟ್ಟವರಲ್ಲವೇ ನೀವು! ಪರದೇಶದಲ್ಲಾದರೂ ಬುದ್ಧಿ ಬರಲಿ. ಬೇರೆ ಕಡೆ ಎಂದರೆ ಎಲ್ಲಿ, ಎಷ್ಟು ದೂರ? ಹೋಗಿ ಮಾತಾಡಿಸಿ, ಅವನ ಕೈಯಿಂದ ಒಂದೇ ಒಂದು ಸಾಲು ಬರೆಸಿ ಕಳಿಸಿ. ಖಾಲಾ ಬಾಯಿಬಿಟ್ಟು ಕೇಳುವುದಿಲ್ಲ, ನನ್ನ ಫೋನು ಸದ್ದು ಮಾಡಿದರೆ ಸಾಕು, ತಸಬಿಯ ಮಣಿ ತಿರುಗಿಸುತ್ತಿದ್ದ ಬೆರಳು ನಿಲ್ಲುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ಅತ್ತೆ ಸಜ್ಜಿ ರೊಟ್ಟಿ, ಭಜ್ಜಿಪಲ್ಲೆ ಮಾಡಿ ಪೆಂಡಾಲಿಗೇ ತಂದರು. ಖಾಲಾ ಉಂಡು, ಒಂದು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. "ತಾಹಿರನ ಪಾಲ. ಅವ ಬಿಸಿದಕ್ಕಿಂತ ಕಟಕ ರೊಟ್ಟಿನೇ ಇಷ್ಟ ಪಡ್ತಾನ" ಎಂದರು. ಮೈತ್ರಿ ಈಗ ಅವರ ತೊಡೆಯ ಮೇಲೆಯೇ ಮಲಗುತ್ತಾಳೆ.

ಮಂದಿಯ ವಿಷಯ ಕೇಳಿದ್ದಿರಿ. ಸಂಕ್ರಾಂತಿಗೆ ಎರಡು ಸಾವಿರ ದಾಟಿತು. ಸೇಡಂ ಒಂದು ದಿನ ಪೂರ್ತಿ ಬಂದ್ ಆಯಿತು. ಚಿಂಚೋಳಿಯಿಂದ ಟ್ರ್ಯಾಕ್ಟರುಗಳ ಸಾಲು ಬಂತು. ಶಹಾಬಾದಿನ ಗಣಿಯವರು ಕೆಲಸ ನಿಲ್ಲಿಸಿದ್ದಾರೆ. ದಿಲ್ಲಿಯವರೆಗೆ ಸುದ್ದಿ ಮುಟ್ಟಿದೆ, ಇಂದೋ ನಾಳೆಯೋ ಹುಕುಂ ಬರುತ್ತದೆ. ಮೊನ್ನೆ ಅಕಾಲದ ಮಳೆ ಹನಿದು ಪೆಂಡಾಲು ಸೋರಿತು, ಎಲ್ಲರೂ ಬಾಬುಮಿಯಾನ ಆಟೋದೊಳಗೆ ಕುಳಿತು ಹೊತ್ತು ಕಳೆದೆವು. ಹಾಗಿದ್ದರೂ ಯಾರೂ ಮನೆಗೆ ಹೋಗಲಿಲ್ಲ.

ನೀವು ಒಬ್ಬರೇ ಅಲ್ಲ. ಇಷ್ಟು ತಾಲೂಕು ನಿಮ್ಮ ಹಿಂದೆ ಇದೆ.

ನಿಮ್ಮ ಭಾಗ್ಯ


4 ಫೆಬ್ರವರಿ 2025

ಭಾಗ್ಯಾ,

ಇದನ್ನು ಒಬ್ಬಳೇ ಓದು. ಖಾಲಾ ಪಕ್ಕದಲ್ಲಿದ್ದರೆ ಎದ್ದು ಆಚೆಗೆ ಹೋಗು.

ತಾಹಿರ್ ಇಲ್ಲ. ಎಳ್ಳ ಅಮಾವಾಸ್ಯೆಯ ದಿನವೇ ಹೋದ. ಬೇರೆ ಕಡೆ ಹಾಕಿದ್ದಾರೆ ಎಂದು ನಿನಗೆ ಬರೆಯುವಾಗ ಅವನನ್ನು ನಾನೇ ಮಣ್ಣು ಮಾಡಿ ಬಂದು ಒಂದು ವಾರವಾಗಿತ್ತು. ಬಾಂಬು ದೂರ ಎಂದು ಬರೆದದ್ದೂ ಸುಳ್ಳು. ಮೊದಲಿನಿಂದಲೂ ಅವು ನಮ್ಮ ತಲೆಯ ಮೇಲೆಯೇ ಬೀಳುತ್ತಿವೆ.

ಆ ಕಡೆಯವರು ಒಮ್ಮೆಗೆ ಆರು ಹಾಕಿ ನಿಲ್ಲಿಸುತ್ತಿದ್ದರು. ದಿನಾ ಹಾಗೆಯೇ. ತಾಹಿರ್ ಎಣಿಸಿ, ಆರನೆಯದು ಬಿದ್ದ ಮೇಲೆ ಎದ್ದು ನಿಂತು "ಆತು, ಬರ್ರಿ" ಎಂದು ಕೂಗುತ್ತಿದ್ದ. ನಾವು ಕಂದಕದಿಂದ ಹತ್ತಿ ಮತ್ತೆ ಗುದ್ದಲಿ ಹಿಡಿಯುತ್ತಿದ್ದೆವು. ಬೇರೆ ಊರಿನ ಹುಡುಗರು ಬೈಯುತ್ತಿದ್ದರು, ಬಾಂಬಿಗೆ ಎಲ್ಲಿಯ ಲೆಕ್ಕ, ಬಗ್ಗಿ ಕುಳಿತಿರ್ರಿ ಎಂದು. ನಮಗೆ ಅದು ತಿಳಿಯಲೇ ಇಲ್ಲ. ಗಣಿಯಲ್ಲಿ ಹುಟ್ಟಿ ಬೆಳೆದವರು, ತಾಹಿರ್ ಕೂಗಿದ ಮೇಲೆ ಏಳದೆ ಇರುವುದು ನಮ್ಮ ಕಾಲಿಗೇ ಗೊತ್ತಿರಲಿಲ್ಲ. ಆ ದಿನವೂ ಆರು ಬಿದ್ದವು. ಅವನು ಎದ್ದ, ಕೂಗಿದ. ನಾನೂ ಏಳುತ್ತಿದ್ದೆ, ಕೋಟಿನ ಬೆಲ್ಟು ಗುದ್ದಲಿಗೆ ಸಿಕ್ಕಿ ಹಿಂದಕ್ಕೆ ಜಗ್ಗಿತು. ಏಳನೆಯದು ಬಂತು.

ನೋವಾಗಲು ಸಮಯವೇ ಇರಲಿಲ್ಲ ಎಂದು ಖಾಲಾಗೆ ಹೇಳು. ಅದು ನಿಜ. ಕಲಮಾ ಓದಲು ನನಗೆ ಬರುತ್ತಿರಲಿಲ್ಲ, ಅವನು ನಿದ್ದೆಗೆ ಮುಂಚೆ ಅನ್ನುತ್ತಿದ್ದುದನ್ನು ನೆನಪಿದ್ದಷ್ಟು ಅಂದೆ. ಇವರು ಅವನ ಸಾವನ್ನು ಎಲ್ಲೂ ಬರೆದುಕೊಂಡಿಲ್ಲ.

ಇಷ್ಟು ದಿನ ಮುಚ್ಚಿಟ್ಟೆ. ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನ ಸಂಕ್ರಾಂತಿಯ ಪತ್ರ ಓದಿ. ಸಾಹೇಬರು ಪುರಾವೆ ಕೇಳಿದರಲ್ಲ, ಇದೇ ಪುರಾವೆ. ನನ್ನ ಹೆಸರು ಹಾಕಿ ಬರೆದಿದ್ದೇನೆ, ಎಲ್ಲರಿಗೂ ತೋರಿಸು. ಖಾಲಾ ಕುಸಿದರೆ ಹಿಡಿಯಲು ಅಲ್ಲಿ ಎರಡು ಸಾವಿರ ಮಂದಿ ಇದ್ದಾರೆ ಎಂಬುದೊಂದೇ ನನಗೆ ಸಮಾಧಾನ.

ಇನ್ನೊಂದು ಮಾತು. ನಾವು ಏಳು ಮಂದಿ ಮಾತಾಡಿಕೊಂಡಿದ್ದೇವೆ. ಮುಂದಿನ ಸಾಲಿಗೆ ಹೊರಡಿ ಎಂದ ದಿನ ಹೊರಡುವುದಿಲ್ಲ. ಹಿಮದಲ್ಲೇ ಕುಳಿತುಬಿಡುತ್ತೇವೆ, ನೀವು ಕುಳಿತ ಹಾಗೆ. ಮೊದಲು ಹುಡುಗರು ಹೆದರಿದರು, ಗುಂಡು ಹಾಕುತ್ತಾರೆ ಎಂದರು. ನಾನು ನಿನ್ನ ಪತ್ರವನ್ನು ಹಿಂದಿಯಲ್ಲಿ ಹೇಳಿದೆ. ಊರಿಗೆ ಊರೇ ಬಂದ್ ಆಗಿದೆ, ದಿಲ್ಲಿ ನೋಡುತ್ತಿದೆ, ಈಗ ನಮ್ಮನ್ನು ಮುಟ್ಟಿದರೆ ಇವರು ಉತ್ತರ ಹೇಳಬೇಕಾಗುತ್ತದೆ ಎಂದೆ. ಒಬ್ಬೊಬ್ಬರೇ ಒಪ್ಪಿದರು. ನಿನ್ನ ಗಂಡ ಗಟ್ಟಿಗ ಅಲ್ಲ, ನಿನಗೇ ಗೊತ್ತು. ನೀನು ಕೊಟ್ಟ ಧೈರ್ಯ ಇದು.

ನಿನ್ನ ದೇವಿಂದ್ರ


5 ಫೆಬ್ರವರಿ 2025

ರೀ,

ಕೂರಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಕೂರಬೇಡಿ. ಅವರು ಏನು ಹೇಳುತ್ತಾರೋ ಅದನ್ನು ಮಾಡಿ, ಬಗ್ಗಿ ನಡೆಯಿರಿ, ಎದುರು ಮಾತಾಡಬೇಡಿ.

ಎರಡು ಸಾವಿರ ಮಂದಿ ಇಲ್ಲ. ಮುನ್ನೂರೂ ಇರಲಿಲ್ಲ. ಪೆಂಡಾಲಿನಲ್ಲಿ ಇರುವುದು ನಾವು ಒಂಬತ್ತು ಹೆಂಗಸರು, ಕೆಲವು ದಿನ ಬರೀ ನಾನು ಮತ್ತು ಖಾಲಾ. ಆಟೋದೊಳಗೆ ಎಲ್ಲರೂ ಹಿಡಿಸಿದೆವು ಎಂದು ಬರೆದಿದ್ದೆನಲ್ಲ, ಅಷ್ಟೇ ಮಂದಿ. ನೀವು ಅದನ್ನು ಓದಿಯೂ ಯಾಕೆ ಅನುಮಾನಪಡಲಿಲ್ಲ? ಸೇಡಂ ಬಂದ್ ಆಗಿಲ್ಲ. ಟ್ರ್ಯಾಕ್ಟರು ಬಂದಿಲ್ಲ. ಗಣಿಯವರು ನಮ್ಮ ಮುಂದೆಯೇ ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೋಗುತ್ತಾರೆ, ಮುಖ ಆ ಕಡೆ ಮಾಡಿಕೊಂಡು. ದಿಲ್ಲಿ ಹಾಗಿರಲಿ, ವಾಡಿಯ ಪೇಪರ್ ಹಾಕುವವನೂ ಒಂದು ಸಾಲು ಬರೆಸಿಲ್ಲ. ಶಾಲೆಯ ಕೆಲಸದಿಂದ ನನ್ನನ್ನು ಬಿಡಿಸಿದರು. ಮಾವ ಒಂದು ದಿನವೂ ಬಂದಿಲ್ಲ. "ಒಪ್ಪಿ ಹೋದಾನ, ಉಣ್ಲಿ" ಎಂದು ಜೋಳಿಗೆ ಹಾಕಿಕೊಂಡು ಕಾಳಗಿ ಸಂತೆಗೆ ಹೋದರು.

ನೀವು ಹೆದರಿರುತ್ತೀರಿ, ಒಂದು ಒಳ್ಳೆಯ ಸುದ್ದಿ ಇರಲಿ ಎಂದು ಬರೆದೆ. ಒಮ್ಮೆ ಬರೆದ ಮೇಲೆ ಕಡಿಮೆ ಮಾಡಲು ಆಗಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಾನು ಮದುವೆಯ ಪೆಂಡಾಲಿನಲ್ಲಿ ಕುಳಿತು ನಿಮ್ಮನ್ನು ಕೊಲ್ಲುವ ಸುಳ್ಳು ಬರೆದೆ.

ನಿಮ್ಮ ಹಿಂದೆ ಯಾರೂ ಇಲ್ಲ. ಇದನ್ನು ಬರೆಯಲು ನನ್ನ ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಯಾರೂ ಇಲ್ಲ. ಕೂರಬೇಡಿ.

ಖಾಲಾ ಎರಡು ಮಾರು ದೂರದಲ್ಲಿ ಕುಳಿತು "ಏನ್ ಬರ್ದಾರ?" ಎಂದು ಕೇಳಿದರು. "ಎಲ್ಲಾರೂ ಆರಾಮ ಅದಾರಂತ" ಎಂದೆ.

ಭಾಗ್ಯ


19 ಫೆಬ್ರವರಿ 2025

ರೀ,

ಐದನೇ ತಾರೀಖಿನ ಪತ್ರಕ್ಕೆ ಇನ್ನೂ ಒಂದೇ ಟಿಕ್ ಇದೆ. ನರ್ಸಿಮುಲುನ ಫೋನು ಬಂದ್ ಇದೆಯೋ, ಸಿಕ್ಕಿಬಿದ್ದಿತೋ ಗೊತ್ತಿಲ್ಲ. ದಿನವೂ ನೋಡುತ್ತೇನೆ. ನಿದ್ದೆಯಲ್ಲೂ ಎದ್ದು ನೋಡುತ್ತೇನೆ.

ಖಾಲಾಗೆ ಹೇಳಿದೆ. ಐದು ದಿನ ಅವರ ಪಕ್ಕದಲ್ಲೇ ಕುಳಿತು, ಅವರ ತಾಟಿನಲ್ಲೇ ಉಂಡು, ನುಂಗಿಕೊಂಡಿದ್ದೆ. ಆರನೆಯ ದಿನ ಅವರು ತಾಹಿರ್‌ಗೆಂದು ಹೊಸ ಸ್ವೆಟರ್ ಹೆಣೆಯಲು ಉಣ್ಣೆ ತಂದರು. ನನಗೆ ತಡೆಯಲಾಗಲಿಲ್ಲ. ನಿಮ್ಮ ಪತ್ರ ತೆಗೆದು ಓದಿದೆ.

ಅವರು ಕೂಗಲಿಲ್ಲ. "ಇನ್ನೊಮ್ಮಿ ಓದು" ಎಂದರು. ಓದಿದೆ. "ಅವ 'ಬರ್ರಿ' ಅಂದದ್ದ ಓದು" ಎಂದರು. ಆಮೇಲೆ ಉಣ್ಣೆಯ ಉಂಡೆಯನ್ನು ಕೈಚೀಲದಲ್ಲಿ ಇಟ್ಟು, ಚೀಲದ ಬಾಯಿ ಕಟ್ಟಿ, ಎದ್ದು ನೆಟ್ಟಗೆ ಮಸೀದಿಗೆ ನಡೆದರು. ನಾನು ಮೈತ್ರಿಯನ್ನು ಎತ್ತಿಕೊಂಡು ಹಿಂದೆ ಓಡಿದೆ. ಬಾಗಿಲಲ್ಲಿ ನಿಂತು, ನಮಾಜು ಮಾಡಿಸುವ ಪೇಶಿಮಾಮರಿಗೆ ಹೇಳಿದರು: "ನನ್ನ ಮಗಗ ಅಲ್ಲಿ ಯಾರೂ ನಮಾಜ ಮಾಡಿಲ್ರಿ. ಇಲ್ಲಿ ಮಾಡ್ರಿ. ಮೈಕಿನಾಗ ಹೆಸರ ಹೇಳ್ರಿ, ಹ್ಯಾಂಗ ಸತ್ತ ಅಂತನೂ ಹೇಳ್ರಿ."

ಶವವಿಲ್ಲದ ಜನಾಜಾ ನಮಾಜು ನಾನು ನೋಡಿರಲಿಲ್ಲ. ಶುಕ್ರವಾರ ಈದ್ಗಾ ಬಯಲಿನಲ್ಲಿ ಮಾಡಿದರು. ಮುಂದೆ ಏನೂ ಇಲ್ಲ, ಬರೀ ನೆಲ. ವಾಡಿಯವರು ಬಂದರು, ಶಹಾಬಾದಿನವರು ಬಂದರು. ನಮ್ಮ ಓಣಿಯವರು ಪಂಚಶೀಲ ಹೇಳಿ ಹಿಂದೆ ನಿಂತರು. ನಾಲವಾರದ ಗಾಡಿ ಇಳಿದವರು ಅಲ್ಲೇ ಉಳಿದರು. ಮುಗಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ, ಖಾಲಾ ನಡೆದ ಕಡೆ ನಡೆದರು, ಪೆಂಡಾಲಿಗೆ. ನಿಮ್ಮ ಗಣಿಯವರು ಡಬ್ಬಿ ಕೆಳಗಿಟ್ಟು ಕುಳಿತರು. ಸೋಮವಾರ ಸೇಡಂ ಬಂದ್ ಆಯಿತು. ನಿನ್ನೆ ಚಿಂಚೋಳಿಯಿಂದ ಟ್ರ್ಯಾಕ್ಟರುಗಳು ಬಂದವು, ನಿಜವಾಗಿಯೂ, ಮೈತ್ರಿ ಎಣಿಸಲು ಹೋಗಿ ಸೋತಳು. ಟಿ.ವಿ.ಯವರು ಬಂದಿದ್ದಾರೆ. ಸಾಹೇಬರು ತಾವೇ ಬಂದು ಪತ್ರ ಕೇಳಿ ಒಯ್ದರು. ಪರದೇಶದ ಯುದ್ಧಕ್ಕೆ ನಮ್ಮ ಮಕ್ಕಳು ಬೇಡ ಎಂದು ಬೋರ್ಡು ಹಿಡಿದು ಕಾಲೇಜಿನ ಹುಡುಗಿಯರು ಚಿತ್ತಾಪುರದಿಂದ ನಡೆದೇ ಬಂದರು. ಮಾವ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಕುಂದ್ರಿ ಎಂದರೆ, "ಅವನ ಮಾರಿ ನೋಡಲಿಲ್ಲ ನಾ. ಮಾರಿ ನೋಡಿ ಕಳಿಸಲಿಲ್ಲ" ಎಂದು ಮಗುವಿನಂತೆ ಅತ್ತರು.

ನಾನು ನಿಮಗೆ ಬರೆದ ಸುಳ್ಳೆಲ್ಲ ಒಂದೊಂದಾಗಿ ನಿಜವಾಗುತ್ತಿದೆ. ಖುಷಿಯಾಗಬೇಕಲ್ಲವೇ? ನನಗೆ ಭಯದಿಂದ ಅನ್ನ ಇಳಿಯುತ್ತಿಲ್ಲ. ಇದು ಆಗುವ ತನಕ ನೀವು ಕಾದಿದ್ದೀರಿ ಎಂದು ಒಂದು ಸಾಲು ಬರೆಯಿರಿ.

ನಿಮ್ಮ ಭಾಗ್ಯ


7 ಫೆಬ್ರವರಿ 2025

ಭಾಗ್ಯಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಹೋಳಿಯ ತನಕ ಇವರು ಕಾಯಲಿಲ್ಲ. ನಾಳೆ ಬೆಳಿಗ್ಗೆ ಹೊರಡಬೇಕೆಂದು ಹುಕುಂ ಆಗಿದೆ. ನಾವು ನಾಳೆ ಕೂರುತ್ತೇವೆ.

ನಿನ್ನಿಂದ ಉತ್ತರ ಬಂದಿಲ್ಲ. ಅಷ್ಟು ಮಂದಿಗೆ ಊಟ ನೀರು ನೋಡುವುದರಲ್ಲಿ ನಿನಗೆ ಹೊತ್ತು ಸಿಗುತ್ತಿಲ್ಲ ಎಂದುಕೊಂಡಿದ್ದೇನೆ. ಖಾಲಾ ಹೇಗಿದ್ದಾರೆ? ಅಪ್ಪನಿಗೆ ನನ್ನ ಶರಣು ಹೇಳು. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ ಎಂದು ನೆನೆದರೆ ನನಗೆ ಬೆನ್ನು ನೆಟ್ಟಗಾಗುತ್ತದೆ.

ಭಯ ಇದೆ. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ, ಬಹಳ ಇದೆ. ಆದರೂ ಮೊದಲಿನಂತೆ ಒಬ್ಬಂಟಿ ಭಯ ಅಲ್ಲ.

ದೇವಿಂದ್ರ

ಅಕ್ಕಾ, ನಾನು ನರ್ಸಿಮುಲು. ನನ್ನ ತಾಯಿಯ ತವರು ಸೇಡಂ ಕಡೆ, ಅಷ್ಟು ಇಷ್ಟು ಕನ್ನಡ ಬರೆಯುತ್ತೇನೆ, ತಪ್ಪಿದ್ದರೆ ಕ್ಷಮಿಸಿ. ಇವತ್ತು ಫೆಬ್ರವರಿ 26. ತಪಾಸಣೆ ಇತ್ತು, ಫೋನನ್ನು ನೆಲದಲ್ಲಿ ಹೂತಿದ್ದೆ. ಈ ಹಾಳೆಯನ್ನು ಮಾತ್ರ ಸುಡದೆ ಇಟ್ಟುಕೊಂಡಿದ್ದೆ. ಅವರು ಕುಳಿತರು. ದೊಡ್ಡ ಅಧಿಕಾರಿ ದುಭಾಷಿಯನ್ನು ಕರೆದು, ಯಾರ ಧೈರ್ಯದಿಂದ ಕುಳಿತಿರಿ ಎಂದು ಕೇಳಿದ. ಅಣ್ಣ ಕೈ ಜೋಡಿಸಿ, ನಮ್ಮೂರಿನಲ್ಲಿ ಸಾವಿರಾರು ಮಂದಿ ಕುಳಿತಿದ್ದಾರೆ ಎಂದ. ಆ ಅಧಿಕಾರಿ ತನ್ನ ಫೋನು ತೆಗೆದು ಬಹಳ ಹೊತ್ತು ಹುಡುಕಿದ. ಎಲ್ಲೂ ಏನೂ ಇಲ್ಲ ಎಂದ. ಬಂದೂಕಿನ ಹಿಡಿಯಿಂದ ಹೊಡೆದು ಟ್ರಕ್ಕಿಗೆ ಹಾಕಿದರು. ಟ್ರಕ್ಕು ಮುಂದಿನ ಸಾಲಿನ ಕಡೆ ಹೋಯಿತು. ನೀವು ಐದನೇ ತಾರೀಖು ಕಳಿಸಿದ್ದು ನನ್ನ ಫೋನಿಗೆ ಇವತ್ತು ಬಂತು. ಅಣ್ಣನಿಗೆ ತೋರಿಸಲು ಆಗಲಿಲ್ಲ ಅಕ್ಕಾ.


13 ಮಾರ್ಚ್ 2025

ರೀ,

ಇವತ್ತು ಹೋಳಿ ಹುಣ್ಣಿಮೆ. ಖಾಲಾಗೆ ರಂಜಾನ್ ರೋಜಾ ನಡೆದಿದೆ. ಹೊತ್ತು ಮುಳುಗಿದ ಮೇಲೆ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಬಾಯಿಗೆ ತುರುಕಿ, ನಾನು ನುಂಗುವ ತನಕ ನೋಡುತ್ತಾ ಕುಳಿತರು. ಮಗ ಹೋದವರು ನನಗೆ ಉಣ್ಣಿಸುತ್ತಿದ್ದಾರೆ.

ಹುಕುಂ ಬಂತು. ಎರಡೂ ಸರಕಾರದವರು ಮಾತಾಡಿ ನಮ್ಮ ಹುಡುಗರನ್ನು ಬಿಡಿಸಿದರು. ಸಿಕ್ಕವರನ್ನೆಲ್ಲ ವಿಮಾನದಲ್ಲಿ ಕಳಿಸಿದ್ದಾರೆ. ಸೇಡಂನ ಹುಡುಗ ಬಂದ. ಚಿಮ್ಮನಚೋಡದವನು ಒಂದು ಕಣ್ಣು ಕಳೆದುಕೊಂಡು ಬಂದ. ಮುಂದಿನ ಸಾಲಿಗೆ ಹೋದವರು ಸಿಕ್ಕಿಲ್ಲ, ಹುಡುಕುತ್ತಿದ್ದೇವೆ ಎಂದು ಸಾಹೇಬರು ಹೇಳಿದರು. ಸತ್ತಿದ್ದಾರೆ ಎಂದೂ ಹೇಳುವುದಿಲ್ಲ, ಇದ್ದಾರೆ ಎಂದೂ ಹೇಳುವುದಿಲ್ಲ. ಗೆದ್ದೆವು ಎಂದು ಮಂದಿ ಗುಲಾಲು ಎರಚಿದರು. ಮಕ್ಕಳು ಬಂದವರು ಪೆಂಡಾಲಿಗೆ ಬಂದು ನನ್ನ ಕೈ ಹಿಡಿದು ಅತ್ತು ಮನೆಗೆ ಹೋದರು. ಅವರ ತಪ್ಪಲ್ಲ, ನಾನಾಗಿದ್ದರೂ ಹೋಗುತ್ತಿದ್ದೆ. ಈಗ ಖರೆಯ ಲೆಕ್ಕ ಬರೆಯುತ್ತೇನೆ: ಇವತ್ತು ಬೆಳಿಗ್ಗೆ ಉಳಿದದ್ದು ನಾವು ನಾಲ್ಕು ಮಂದಿ. ಖಾಲಾ, ಅತ್ತೆ, ಮಾವ, ನಾನು. ಹುಕುಂ ಬಂತಲ್ಲ, ಪೆಂಡಾಲು ಬಿಚ್ಚಿ ಎಂದು ಬಾಬುಮಿಯಾನಿಗೆ ಯಾರೋ ಹೇಳಿದರು. "ಕಂಬ ನಂದ, ಅರಿವಿ ನಂದ, ಯಾವಾಗ ಬಿಚ್ಚಬೇಕಂತ ನನಗ ಗೊತ್ತದ" ಎಂದು ಅವರನ್ನು ಬೈದು ಕಳಿಸಿದ.

ಮಧ್ಯಾಹ್ನ ನರ್ಸಿಮುಲು ಬಂದ. ಹೈದರಾಬಾದಿನಲ್ಲಿ ವಿಮಾನ ಇಳಿದು, ಗಾಡಿ ಹತ್ತಿ, ತನ್ನ ತಾಂಡೂರಿನಲ್ಲಿ ಇಳಿಯದೆ ಇಲ್ಲಿಗೇ ಬಂದ. ಅವನ ತಾಯಿ ಅಮೃತಮ್ಮ ತಾಂಡೂರಿನಲ್ಲಿ ಅದೇ ಗಾಡಿ ಹತ್ತಿ ಜೊತೆಗೆ ಬಂದಿದ್ದಳು, ಮಗನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ಏನಂದೆ ಗೊತ್ತೇ?

"ನೀ ಯಾಕ ಬಂದಿ? ನೀ ಅಲ್ಲೇ ಇರಬೇಕಾಗಿತ್ತು."

ಅವನ ತಾಯಿಯ ಎದುರಿಗೇ ಅಂದೆ. ನನ್ನ ಬಾಯಿಯಿಂದ ಅದು ಬರಬಾರದಿತ್ತು, ಬಂತು. ಅಷ್ಟು ದೊಡ್ಡ ದೇಶದಲ್ಲಿ ನಿಮ್ಮ ಹೆಸರು ಗೊತ್ತಿದ್ದವನು, ನಿಮಗೆ ನನ್ನ ಪತ್ರ ಮುಟ್ಟಿಸುವವನು ಅವನೊಬ್ಬನೇ ಇದ್ದ. ನೀವು ಎಲ್ಲಿಂದಾದರೂ ತೆವಳಿಕೊಂಡು ಆ ಅಡುಗೆಮನೆಗೆ ಬಂದರೆ ಅಲ್ಲಿ ಈಗ ಯಾರಿದ್ದಾರೆ? ಅವನನ್ನು ಅಲ್ಲಿಂದ ತಂದವಳು ನಾನೇ. ನಾನು ಕುಳಿತು, ಖಾಲಾ ಕುಳಿತು, ಊರೆಲ್ಲ ಕುಳಿತು ಅವನನ್ನು ಬಿಡಿಸಿದೆವು.

ಅಮೃತಮ್ಮ ಸಿಟ್ಟಾಗಲಿಲ್ಲ. ಮಗನ ತೋಳನ್ನು ಬಿಟ್ಟು, ಬಂದು ನನ್ನ ಪಕ್ಕದಲ್ಲಿ ಕುಳಿತಳು. ಅವನು ಚಪ್ಪಲಿ ಬಿಟ್ಟು ಎದುರಿಗೆ ಕುಳಿತ. ಇನ್ನೂ ಊರಿಗೆ ಹೋಗಿಲ್ಲ, ಅಲ್ಲೇ ಕುಳಿತಿದ್ದಾನೆ.

ಈ ಪತ್ರವನ್ನು ಬರೆದು, ಫೋಟೋ ಹೊಡೆದು, ಅದೇ ನಂಬರಿಗೆ ಕಳಿಸುತ್ತೇನೆ. ಅವನ ಅಂಗಿಯ ಜೇಬಿನಲ್ಲಿ ಫೋನು ಸದ್ದು ಮಾಡುತ್ತದೆ, ಅವನು ತೆಗೆದು ನೋಡಿ ತಲೆ ತಗ್ಗಿಸುತ್ತಾನೆ. ಗೊತ್ತಿದ್ದೂ ಕಳಿಸುತ್ತೇನೆ. ನಿಮ್ಮದು ಬೇರೆ ನಂಬರು ನನ್ನ ಹತ್ತಿರ ಇಲ್ಲ.

ನಿಮ್ಮ ಭಾಗ್ಯ